ಕ್ಯಾಂಪಿಂಗ್ ಪ್ರವಾಸಕ್ಕೆ ಬೈಕಿನ ಮೇಲೆ ಸಾಮಾನು ಕಟ್ಟುವ ಕ್ರಮ

ಕಾರಿನಲ್ಲಿ ಕ್ಯಾಂಪಿಂಗ್‌ಗೆ ಹೊರಟವರಿಗೆ ಸಾಮಾನು ಹಿಡಿಸುವಷ್ಟು ಜಾಗ ಸಿಕ್ಕರೆ ಕೆಲಸ ಮುಗಿಯಿತು. ಬೈಕಿನಲ್ಲಿ ಹೊರಟವರಿಗೆ ಜಾಗ ಸಿಕ್ಕ ಮೇಲೂ ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಹೊರೆ ಎಷ್ಟಿದೆ, ಅದು ಗಾಡಿಯ ಯಾವ ಭಾಗದಲ್ಲಿ ಕುಳಿತಿದೆ, ಕುಳಿತಲ್ಲಿ ಅಲುಗಾಡದೆ ಇದೆಯೇ ಎಂಬುದೆಲ್ಲ ಪ್ರತಿ ತಿರುವಿನಲ್ಲೂ ಪ್ರತಿ ಬ್ರೇಕಿನಲ್ಲೂ ಸವಾರನ ಅನುಭವಕ್ಕೆ ಬರುತ್ತದೆ. ಚೀಲ ಎಷ್ಟು ಲೀಟರಿನದು ಎಂದು ಕೇಳುವ ಮೊದಲು ಸಾಮಾನಿನ ತೂಕ ಎಷ್ಟು ಎಂದು ಕೇಳುವುದೇ ಸರಿಯಾದ ಆರಂಭ. ಈ ಲೇಖನದಲ್ಲಿ ಬರುವ ಹೆಚ್ಚಿನ ಸಲಹೆಗಳು ಆ ಒಂದು ಪ್ರಶ್ನೆಯಿಂದಲೇ ಹುಟ್ಟಿದವು.

ತೂಕದ ಲೆಕ್ಕ

ಹೆಚ್ಚಿನ ಬೈಕುಗಳ ಮಾಲೀಕರ ಕೈಪಿಡಿಯಲ್ಲಿ, ಕೆಲವು ಬೈಕುಗಳಲ್ಲಿ ಚಾಸಿಗೆ ಅಂಟಿಸಿದ ಫಲಕದಲ್ಲಿಯೂ, ಗರಿಷ್ಠ ಒಟ್ಟು ತೂಕ ಎಂಬ ಒಂದು ಅಂಕಿ ಇರುತ್ತದೆ. ಗಾಡಿ, ಪೆಟ್ರೋಲು, ಸವಾರ, ಹಿಂಬದಿ ಸವಾರ, ಸಾಮಾನು, ಆಮೇಲೆ ಹಾಕಿಸಿದ ಕ್ರ್ಯಾಶ್ ಗಾರ್ಡು ಮತ್ತು ಕ್ಯಾರಿಯರು ಎಲ್ಲ ಸೇರಿಯೂ ಮೀರಬಾರದ ಮಿತಿ ಅದು. ಅದರಿಂದ ಗಾಡಿಯ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ನಿಮಗೆ ಸಿಗುವ ಹೊರೆಯ ಅವಕಾಶ. ಇಲ್ಲಿ ಒಂದು ಎಚ್ಚರ ಬೇಕು. ಗಾಡಿಯ ತೂಕವನ್ನು ಕೆಲವು ತಯಾರಕರು ಪೆಟ್ರೋಲು ಸೇರಿಸಿ ಕೊಡುತ್ತಾರೆ, ಕೆಲವರು ಅದನ್ನು ಬಿಟ್ಟು ಕೊಡುತ್ತಾರೆ. ಪೆಟ್ರೋಲು ಲೀಟರಿಗೆ ಸುಮಾರು ಮುಕ್ಕಾಲು ಕಿಲೋ ತೂಗುವುದರಿಂದ, 15 ಲೀಟರಿನ ಟ್ಯಾಂಕಿನ ವಿಷಯದಲ್ಲಿ ಈ ವ್ಯತ್ಯಾಸ 11 ಕಿಲೋ ಆಗುತ್ತದೆ.

ಉದಾಹರಣೆಗೆ, ಒಟ್ಟು ಮಿತಿ 350 ಕಿಲೋ ಇರುವ ಬೈಕು ಟ್ಯಾಂಕು ತುಂಬಿ 190 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಉಳಿದದ್ದು 160 ಕಿಲೋ. 75 ಕಿಲೋ ತೂಗುವ ಸವಾರ ಹೆಲ್ಮೆಟ್, ಜಾಕೆಟ್, ಬೂಟುಗಳನ್ನು ಧರಿಸಿದಾಗ 85 ಕಿಲೋ ಹತ್ತಿರ ಬರುತ್ತಾನೆ. ಆಗ ಸಾಮಾನಿಗೆ 75 ಕಿಲೋ ಇದೆ, ಅದು ಧಾರಾಳವಾಯಿತು. ಹಿಂದೆ 60 ಕಿಲೋ ತೂಗುವ ಇನ್ನೊಬ್ಬರು ತಮ್ಮ ಉಡುಪಿನೊಂದಿಗೆ ಕುಳಿತರೆ ಉಳಿಯುವುದು ಏಳೆಂಟು ಕಿಲೋ ಮಾತ್ರ, ಅಷ್ಟರಲ್ಲಿ ಇಬ್ಬರ ಟೆಂಟು ಮತ್ತು ಹಾಸಿಗೆಯನ್ನು ಮುಗಿಸುವುದೇ ಕಷ್ಟ. ಇಬ್ಬರು ಒಂದೇ ಬೈಕಿನಲ್ಲಿ ಕ್ಯಾಂಪಿಂಗ್‌ಗೆ ಹೋಗುವ ಯೋಜನೆಗಳು ಮುಗ್ಗರಿಸುವುದು ಸಾಮಾನ್ಯವಾಗಿ ಈ ಲೆಕ್ಕದಲ್ಲಿಯೇ.

ಒಟ್ಟು ಮಿತಿಯಲ್ಲದೆ ಕ್ಯಾರಿಯರಿಗೂ ಪಕ್ಕದ ಪೆಟ್ಟಿಗೆಗಳಿಗೂ ಬೇರೆ ಬೇರೆ ಮಿತಿಗಳಿರುತ್ತವೆ. ಹಿಂಬದಿಯ ಕ್ಯಾರಿಯರಿನ ಮೇಲೆ 5ರಿಂದ 10 ಕಿಲೋಗಿಂತ ಹೆಚ್ಚು ಇಡಬೇಡಿ ಎಂದು ಅನೇಕ ಕೈಪಿಡಿಗಳು ಹೇಳುತ್ತವೆ. ನೋಡಲು ಗಟ್ಟಿಮುಟ್ಟಾಗಿರುವ ಕ್ಯಾರಿಯರಿಗೆ ಇಷ್ಟು ಕಡಿಮೆ ಮಿತಿ ಏಕೆ ಎಂದು ಅನ್ನಿಸುವುದು ಸಹಜ. ಆದರೆ ಆ ಮಿತಿ ಬರೀ ಕ್ಯಾರಿಯರಿನದಲ್ಲ, ಅದನ್ನು ಹೊತ್ತಿರುವ ಹಿಂಭಾಗದ ಚೌಕಟ್ಟಾದ ಸಬ್‌ಫ್ರೇಮಿನದು ಮತ್ತು ಗಾಡಿಯ ಓಟದ ಸ್ಥಿರತೆಯದು. ಹದಗೆಟ್ಟ ರಸ್ತೆಯ ಗುಂಡಿಯೊಂದರಲ್ಲಿ ಚಕ್ರ ಇಳಿದು ಎದ್ದಾಗ ಆ ಹತ್ತು ಕಿಲೋ ಒಂದು ಕ್ಷಣಕ್ಕೆ ಅದರ ಹಲವು ಪಟ್ಟು ಬಲದಿಂದ ಬೋಲ್ಟುಗಳನ್ನು ಜಗ್ಗುತ್ತದೆ.

ನೆಲದ ಮೇಲೆ ಹರಡಿ, ತೂಗಿ, ಕಡಿಮೆ ಮಾಡುವುದು

ಒಯ್ಯಬೇಕೆಂದಿರುವ ಎಲ್ಲವನ್ನೂ ಚೀಲಕ್ಕೆ ಹಾಕುವ ಮೊದಲು ನೆಲದ ಮೇಲೆ ಹರಡಿ ಇಡಿ. ಮಲಗುವ ಸಾಮಾನು, ಅಡುಗೆಯ ಸಾಮಾನು, ಬಟ್ಟೆ, ಉಪಕರಣ, ಔಷಧ ಎಂದು ಗುಂಪು ಮಾಡಿ ಒಂದೊಂದು ಗುಂಪನ್ನೂ ತೂಗಿ. ಪ್ರಯಾಣದ ಚೀಲ ತೂಗುವ ಕೈತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಚೀಲ ಹಿಡಿದು ನಿಂತು, ನಿಮ್ಮ ತೂಕವನ್ನು ಕಳೆದರಾಯಿತು. ಒಬ್ಬನೇ ಸವಾರನ ಕೆಲವು ದಿನಗಳ ಪ್ರವಾಸಕ್ಕೆ ಚೀಲಗಳನ್ನೂ ನೀರನ್ನೂ ಸೇರಿಸಿ 25 ಕಿಲೋ ಒಳಗೆ ಮುಗಿಸುವುದು ಸಾಧ್ಯ. ಅದು 40 ಕಿಲೋ ದಾಟಿದೆ ಎಂದರೆ ಅನುಕೂಲಕ್ಕೆಂದು ಸೇರಿಸಿಕೊಂಡದ್ದು ಹೆಚ್ಚಾಗಿದೆ ಎಂದೇ ಅರ್ಥ.

ಟೆಂಟನ್ನು ಆರಿಸುವಾಗ ಎಲ್ಲರೂ ತೂಕವನ್ನು ನೋಡುತ್ತಾರೆ, ಮಡಚಿದಾಗಿನ ಉದ್ದವನ್ನು ನೋಡುವವರು ಕಡಿಮೆ. ಬೈಕಿಗೆ ಈ ಎರಡನೆಯದು ಅಷ್ಟೇ ಮುಖ್ಯ. ಟೆಂಟಿನ ಕಂಬಗಳು ಮಡಚಿದಾಗ 45 ಸೆಂಟಿಮೀಟರಿನೊಳಗಿದ್ದರೆ ಅವು ಪಕ್ಕದ ಚೀಲಗಳೊಳಗೇ ಇಳಿಯುತ್ತವೆ. 60 ಸೆಂಟಿಮೀಟರಿನ ಕಂಬಗಳನ್ನು ಸೀಟಿನ ಮೇಲೆ ಅಡ್ಡಲಾಗಿಯೇ ಇಡಬೇಕಾಗುತ್ತದೆ, ಆಗ ಉಳಿದೆಲ್ಲ ಸಾಮಾನಿನ ಜೋಡಣೆ ಅವುಗಳಿಗೆ ತಕ್ಕಂತೆ ಬದಲಾಗಬೇಕಾಗುತ್ತದೆ. ಟೆಂಟಿನ ಜೊತೆ ಬಂದ ಚೀಲದಲ್ಲೇ ಎಲ್ಲವನ್ನೂ ಒಯ್ಯಬೇಕೆಂಬ ನಿಯಮವೇನೂ ಇಲ್ಲ. ಕಂಬ ಮತ್ತು ಮೊಳೆಗಳನ್ನು ಬೇರೆಯಾಗಿ, ಬಟ್ಟೆಯ ಭಾಗವನ್ನು ಬೇರೆಯಾಗಿ ಇಟ್ಟರೆ ಬಟ್ಟೆ ಯಾವ ಆಕಾರದ ಸಂದಿಗೂ ಒಗ್ಗುತ್ತದೆ, ಮೊಳೆಗಳ ಮೊನೆ ಬಟ್ಟೆಗೆ ತಗಲುವುದೂ ತಪ್ಪುತ್ತದೆ.

ಸ್ಲೀಪಿಂಗ್ ಬ್ಯಾಗಿನ ಮೇಲೆ ನಮೂದಿಸಿರುವ ಉಷ್ಣಾಂಶಗಳಲ್ಲಿ ‘ಕಂಫರ್ಟ್’ ಎಂಬುದನ್ನು ಮಾತ್ರ ನಂಬಿ ಲೆಕ್ಕ ಹಾಕಿ. ಐಎಸ್‌ಒ 23537 ಮಾನದಂಡದಂತೆ ಪರೀಕ್ಷಿಸಿದ ಬ್ಯಾಗುಗಳಲ್ಲಿ ‘ಲಿಮಿಟ್’ ಮತ್ತು ‘ಎಕ್ಸ್‌ಟ್ರೀಮ್’ ಎಂಬ ಅಂಕಿಗಳೂ ಇರುತ್ತವೆ. ಕೊನೆಯದು ಜೀವ ಉಳಿಯುವ ಮಟ್ಟದ ಸೂಚನೆಯೇ ಹೊರತು ನಿದ್ದೆ ಬರುವ ಮಟ್ಟದ್ದಲ್ಲ. ಬ್ಯಾಗಿನಡಿ ಹಾಸುವ ಮ್ಯಾಟಿನ ಶಾಖನಿರೋಧಕ ಗುಣವನ್ನು ಆರ್-ವ್ಯಾಲ್ಯೂ ಎಂಬ ಅಂಕಿ ಹೇಳುತ್ತದೆ, ಅದು ಹೆಚ್ಚಿದ್ದಷ್ಟೂ ಮ್ಯಾಟು ಬೆಚ್ಚಗೆ. ನೆಲ ತಣ್ಣಗಿರುವ ಕಡೆ ತೆಳುವಾದ ಮ್ಯಾಟಿನ ಮೇಲೆ ದಪ್ಪ ಬ್ಯಾಗು ಹಾಸಿದರೆ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ದೇಹದ ಭಾರಕ್ಕೆ ಬ್ಯಾಗಿನ ಅಡಿಭಾಗ ಚಪ್ಪಟೆಯಾಗಿ ಅದರೊಳಗಿನ ಗಾಳಿಯ ಪದರವೇ ಹೋಗಿಬಿಡುತ್ತದೆ. ಗಾಳಿ ತುಂಬುವ ಮ್ಯಾಟುಗಳು ಮಡಚಿದಾಗ ನೀರಿನ ಬಾಟಲಿಯಷ್ಟಾಗುವುದರಿಂದ ಬೈಕಿಗೆ ಅವೇ ಹೆಚ್ಚು ಹೊಂದುತ್ತವೆ, ಆದರೆ ತೇಪೆಯ ಕಿಟ್ ಇಲ್ಲದೆ ಅವನ್ನು ಒಯ್ಯಬೇಡಿ.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹಾಕಿಕೊಂಡದ್ದನ್ನು ಬಿಟ್ಟು ಇನ್ನೊಂದು ಜೊತೆ, ಮಲಗಲು ಒಣಗಿದ ಒಂದು ಜೊತೆ, ಬೆಚ್ಚಗಿನ ಒಂದು ಪದರ ಇದ್ದರೆ ಸಾಕು.

ಪೆಟ್ಟಿಗೆಯೋ ಚೀಲವೋ

ಲೋಹದ ಅಥವಾ ಪ್ಲಾಸ್ಟಿಕ್ಕಿನ ಗಟ್ಟಿ ಪೆಟ್ಟಿಗೆಗಳಿಗೆ ಬೀಗ ಹಾಕಬಹುದು, ನೀರು ನುಗ್ಗುವುದಿಲ್ಲ, ಕ್ಯಾಂಪಿನಲ್ಲಿ ಕೂರಲೂ ಬರುತ್ತದೆ. ಆದರೆ ಎರಡು ಅಲ್ಯೂಮಿನಿಯಂ ಪೆಟ್ಟಿಗೆಗಳೂ ಅವನ್ನು ಹಿಡಿದಿಡುವ ಚೌಕಟ್ಟೂ ಸೇರಿದರೆ ಒಂದು ಬಟ್ಟೆಯನ್ನೂ ಇಡುವ ಮೊದಲೇ 15 ಕಿಲೋ ಆಸುಪಾಸು ಹೊರೆಯಾಗಿರುತ್ತದೆ. ಅವು ಗಾಡಿಯ ಅಗಲವನ್ನೂ ಹೆಚ್ಚಿಸುತ್ತವೆ. ಮಣ್ಣಿನ ದಾರಿಯಲ್ಲಿ ಕಾಲು ಊರಿದಾಗ ಮುಂದೆ ಸಾಗುತ್ತಿರುವ ಪೆಟ್ಟಿಗೆಯ ಅಂಚು ಮೀನಖಂಡಕ್ಕೆ ಬಡಿದು ಕಾಲು ಪೆಟ್ಟಿಗೆಯಡಿ ಸಿಲುಕುವ ಅಪಾಯವಿದೆ. ಮೆದು ಚೀಲಗಳು ಹಗುರ, ಬಿದ್ದರೆ ಕಾಲಿಗೆ ಅಷ್ಟು ಪೆಟ್ಟಾಗದು, ಕೆಲವಕ್ಕೆ ಬೇರೆ ಚೌಕಟ್ಟೂ ಬೇಕಾಗುವುದಿಲ್ಲ. ಅವುಗಳ ದೋಷವೆಂದರೆ ಯಾರು ಬೇಕಾದರೂ ಬಿಚ್ಚಬಹುದು, ಮತ್ತು ಸೈಲೆನ್ಸರಿಗೆ ತಗುಲಿದರೆ ಕರಗುತ್ತವೆ. ಡಾಂಬರು ರಸ್ತೆಯಲ್ಲಷ್ಟೇ ಹೋಗಿ ಪಟ್ಟಣಗಳಲ್ಲಿ ಗಾಡಿ ನಿಲ್ಲಿಸಿ ತಿರುಗಾಡುವವರಿಗೆ ಪೆಟ್ಟಿಗೆ ವಾಸಿ. ದಾರಿ ಕೆಟ್ಟಿರುವ ಕಡೆಗೆ, ಅದರಲ್ಲೂ ಒಬ್ಬರೇ ಹೋಗುವವರಿಗೆ ಮೆದು ಚೀಲವೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಿದ್ದ ಬೈಕನ್ನು ಒಬ್ಬರೇ ಎತ್ತಬೇಕಾದಾಗ ಆ ಕಡಿಮೆಯಾದ ಕಿಲೋಗಳ ಬೆಲೆ ತಿಳಿಯುತ್ತದೆ.

ಯಾವುದನ್ನೇ ಆರಿಸಿದರೂ ಬಾಯಿ ಸುರುಳಿ ಸುತ್ತಿ ಮುಚ್ಚುವ ನೀರುನಿರೋಧಕ ಡ್ರೈ ಬ್ಯಾಗುಗಳು ಒಳಗೆ ಇರಲಿ. ಇವನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, ಮೊಣಕಾಲಿನಿಂದ ಒತ್ತಿ ಗಾಳಿಯನ್ನು ಹೊರಡಿಸಿ, ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಿ ಬಕಲ್ ಹಾಕಬೇಕು. ಬಾಯಿಯವರೆಗೂ ತುರುಕಿ ಒಂದೇ ಸುತ್ತು ಸುತ್ತಿದ ಚೀಲ ಮಳೆಯಲ್ಲಿ ಹೆಸರಿಗಷ್ಟೇ ನೀರುನಿರೋಧಕ. ಒಂದು ದೊಡ್ಡ ಚೀಲಕ್ಕಿಂತ ಎರಡು ಮೂರು ಸಣ್ಣವು ಅನುಕೂಲ; ಸಣ್ಣವನ್ನು ಒಂದರ ಸಂದಿಗೆ ಇನ್ನೊಂದನ್ನು ಹೊಂದಿಸಬಹುದು, ಬೇಕಾದ ಒಂದನ್ನು ಮಾತ್ರ ತೆರೆಯಬಹುದು.

ಯಾವುದು ಎಲ್ಲಿ

ಮುಂದಿನ ಚಕ್ರದ ನಡು, ಹಿಂದಿನ ಚಕ್ರದ ನಡು, ಸವಾರನ ತಲೆ ಈ ಮೂರನ್ನೂ ಸೇರಿಸುವ ಒಂದು ತ್ರಿಕೋನವನ್ನು ಕಲ್ಪಿಸಿಕೊಳ್ಳಿ. ಭಾರವಾದದ್ದೆಲ್ಲ ಸಾಧ್ಯವಾದಷ್ಟೂ ಈ ತ್ರಿಕೋನದೊಳಗೆ, ಅದರಲ್ಲೂ ಕೆಳಗೆ ಇರಬೇಕು. ಹೊರಗೆ ಚಾಚುವುದು ಹಗುರವಾದದ್ದಾಗಿರಬೇಕು. ಇದರ ಕಾರಣ ಒಂದು ಸಣ್ಣ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಎರಡು ಚಕ್ರಗಳ ನಡುವೆ 140 ಸೆಂಟಿಮೀಟರ್ ಅಂತರವಿರುವ ಬೈಕಿನಲ್ಲಿ 20 ಕಿಲೋ ಚೀಲವನ್ನು ಹಿಂದಿನ ಚಕ್ರದ ನಡುವಿಗಿಂತ 35 ಸೆಂಟಿಮೀಟರ್ ಹಿಂದೆ ಇಟ್ಟರೆ, ಹಿಂದಿನ ಚಕ್ರದ ಮೇಲೆ 25 ಕಿಲೋ ಬೀಳುತ್ತದೆ ಮತ್ತು ಮುಂದಿನ ಚಕ್ರದ ಮೇಲಿನ ಭಾರ 5 ಕಿಲೋ ಕಡಿಮೆಯಾಗುತ್ತದೆ. ಅದೇ ಚೀಲವನ್ನು 35 ಸೆಂಟಿಮೀಟರ್ ಮುಂದೆ ಇಟ್ಟರೆ ಹಿಂದಿನ ಚಕ್ರಕ್ಕೆ 15, ಮುಂದಿನದಕ್ಕೆ 5 ಕಿಲೋ ಹಂಚಿಕೆಯಾಗುತ್ತದೆ. ಮುಂದಿನ ಚಕ್ರ ಹಗುರವಾದಾಗ ಹ್ಯಾಂಡಲ್ ಸಡಿಲವಾದಂತೆ ಭಾಸವಾಗುತ್ತದೆ, ವೇಗ ಹೆಚ್ಚಿದಂತೆ ಗಾಡಿ ಎಡಬಲಕ್ಕೆ ನಿಧಾನವಾಗಿ ಓಲಾಡತೊಡಗುತ್ತದೆ. ಎತ್ತರದ ಹಿಂಬದಿ ಪೆಟ್ಟಿಗೆಯಲ್ಲಿ ಭಾರ ತುಂಬಿದವರು ಹೆದ್ದಾರಿಯಲ್ಲಿ ಅನುಭವಿಸುವುದು ಇದನ್ನೇ.

ಹೀಗಾಗಿ ಉಪಕರಣಗಳು, ನೀರು, ಅಡುಗೆ ಪಾತ್ರೆ, ಆಹಾರ ಇವು ಪಕ್ಕದ ಚೀಲಗಳ ತಳದಲ್ಲಿ, ಗಾಡಿಯ ಮೈಗೆ ಒತ್ತಿಕೊಂಡಂತೆ, ಮುಂಭಾಗಕ್ಕೆ ಸರಿದಂತೆ ಇರಲಿ. ಒಬ್ಬರೇ ಹೋಗುವಾಗ ಹಿಂಬದಿ ಸವಾರನ ಸೀಟು ಅತ್ಯುತ್ತಮ ಜಾಗ. ದೊಡ್ಡ ಚೀಲವನ್ನು ಅಲ್ಲಿ ಅಡ್ಡಲಾಗಿ ಮಲಗಿಸಿ ನಿಮ್ಮ ಸೊಂಟದ ಹಿಂದಕ್ಕೆ ತಂದಿಡಿ, ಆದರೆ ಕುಳಿತವರು ಹಿಂದೆ ಮುಂದೆ ಸರಿಯಲು ಒಂದಿಷ್ಟು ಎಡೆ ಬಿಡಿ. ಕ್ಯಾರಿಯರಿಗೆ ಉಳಿಯುವುದು ಸ್ಲೀಪಿಂಗ್ ಬ್ಯಾಗು, ಮ್ಯಾಟು, ಬಟ್ಟೆಯಂಥ ಹಗುರ ಸಾಮಾನು. ಟ್ಯಾಂಕಿನ ಮೇಲಿನ ಚೀಲ ಚಿಕ್ಕದಾದರೂ ತ್ರಿಕೋನದ ನಡುವೆ ಇರುವುದರಿಂದ ಕ್ಯಾಮೆರಾ, ಪವರ್ ಬ್ಯಾಂಕ್‌ಗಳಂಥ ಗಾತ್ರದಲ್ಲಿ ಸಣ್ಣ, ತೂಕದಲ್ಲಿ ದೊಡ್ಡ ವಸ್ತುಗಳಿಗೆ ಹೇಳಿ ಮಾಡಿಸಿದ್ದು. ಅದನ್ನು ಕಟ್ಟಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ, ಹಾರ್ನ್ ಅಥವಾ ಎಂಜಿನ್ ಸ್ವಿಚ್ಚು ಚೀಲಕ್ಕೆ ಒತ್ತುವುದಿಲ್ಲ ಎಂದು ನೋಡಿಕೊಳ್ಳಿ. ಬೆನ್ನಿಗೆ ಭಾರದ ಚೀಲ ಬೇಡ. ಅದು ಕೆಲವು ಗಂಟೆಗಳಲ್ಲಿ ಭುಜವನ್ನು ದಣಿಸುತ್ತದೆ, ಬಿದ್ದಾಗ ಒಳಗಿನ ಗಟ್ಟಿ ವಸ್ತು ಬೆನ್ನುಮೂಳೆಗೆ ಒತ್ತುತ್ತದೆ.

ಎಡಬಲದ ಸಮತೋಲನವನ್ನು ಕಣ್ಣಂದಾಜಿಗೆ ಬಿಡದೆ ತೂಗಿಯೇ ನೋಡಿ. ಎರಡು ಪಕ್ಕಗಳ ನಡುವೆ ಒಂದು ಕಿಲೋ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ಸೈಲೆನ್ಸರ್ ಒಂದೇ ಬದಿಯಲ್ಲಿ ಎತ್ತರದಲ್ಲಿರುವ ಗಾಡಿಗಳಲ್ಲಿ ಆ ಕಡೆಯ ಚೀಲ ಹೊರಕ್ಕೆ ಸರಿದಿರುವುದರಿಂದ ಅದನ್ನು ತುಸು ಹಗುರವಾಗಿಡುವುದು ಜಾಣತನ. ದಿನ ಕಳೆದಂತೆ ಖಾಲಿಯಾಗುವ ನೀರು ಮತ್ತು ಆಹಾರವನ್ನು ಎರಡೂ ಬದಿಗೆ ಹಂಚಿದರೆ ಸಂಜೆಯ ಹೊತ್ತಿಗೂ ಸಮತೋಲನ ಕೆಡುವುದಿಲ್ಲ.

ಜಾಗ ನಿರ್ಧರಿಸುವಾಗ ತೂಕದ ಜೊತೆಗೆ ಆ ವಸ್ತು ಯಾವಾಗ ಬೇಕಾಗುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಮಳೆಯುಡುಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪಂಕ್ಚರ್ ಕಿಟ್, ಗಾಳಿಪಂಪು, ಕುಡಿಯುವ ನೀರು ಇವು ಯಾವ ಕಟ್ಟನ್ನೂ ಬಿಚ್ಚದೆ ಕೈಗೆ ಸಿಗಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ ಎಂದು ಜೊತೆಯ ಸವಾರರಿಗೂ ಮೊದಲೇ ತಿಳಿಸಿರಿ, ಏಕೆಂದರೆ ಅದು ಬೇಕಾಗುವ ಹೊತ್ತಿನಲ್ಲಿ ಹೇಳುವ ಸ್ಥಿತಿಯಲ್ಲಿ ನೀವು ಇಲ್ಲದಿರಬಹುದು. ಟೆಂಟು ಎಲ್ಲಕ್ಕಿಂತ ಮೇಲೆ ಅಥವಾ ಹೊರಗೆ ಇರಲಿ. ಮಳೆಯಲ್ಲಿ ಕ್ಯಾಂಪ್ ತಲುಪಿದರೆ ಮೊದಲು ಟೆಂಟು ಎಬ್ಬಿಸಿ, ಉಳಿದ ಚೀಲಗಳನ್ನು ಮುಚ್ಚಿದಂತೆಯೇ ಒಳಗೆ ಒಯ್ದು ಬಿಚ್ಚಬಹುದು. ಟೆಂಟು ಚೀಲದ ತಳದಲ್ಲಿದ್ದರೆ ಅದನ್ನು ತೆಗೆಯುವಷ್ಟರಲ್ಲಿ ಹಾಸಿಗೆ ನೆನೆದಿರುತ್ತದೆ.

ಒಲೆ, ಇಂಧನ ಮತ್ತು ಕಂಪನ

ತಿರುಪು ಬಾಯಿಯ ಸಣ್ಣ ಗ್ಯಾಸ್ ಡಬ್ಬಿ ಮತ್ತು ಅದರ ಮೇಲೆ ಕೂರುವ ಪುಟ್ಟ ಒಲೆ, ಎರಡೂ ಒಂದು ಪಾತ್ರೆಯೊಳಗೆ ಹಿಡಿಸುತ್ತವೆ. ಬೈಕಿಗೆ ಇದಕ್ಕಿಂತ ಅಡಕವಾದ ವ್ಯವಸ್ಥೆ ಇಲ್ಲ. ಈ ಡಬ್ಬಿಗಳು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬಾರದು. ಹಾಗಾಗಿ ಎಂಜಿನ್ನಿನ ಬಳಿಯಾಗಲಿ, ಸೈಲೆನ್ಸರ್ ಬದಿಯ ಚೀಲದಲ್ಲಾಗಲಿ, ಬಿಸಿಲಲ್ಲಿ ನಿಲ್ಲಿಸಿದ ಕಪ್ಪು ಪೆಟ್ಟಿಗೆಯಲ್ಲಾಗಲಿ ಅವನ್ನು ಇಡಬೇಡಿ. ಚಳಿಯ ಪ್ರದೇಶಕ್ಕೆ ಹೋಗುವವರು ಡಬ್ಬಿಯಲ್ಲಿರುವ ಅನಿಲ ಯಾವುದೆಂದು ಓದಿ ಕೊಳ್ಳಬೇಕು. ಬ್ಯೂಟೇನ್ ಕುದಿಯುವುದು ಸುಮಾರು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಐಸೊಬ್ಯೂಟೇನ್ ಸುಮಾರು ಸೊನ್ನೆಗಿಂತ 12 ಡಿಗ್ರಿ ಕೆಳಗೆ, ಪ್ರೋಪೇನ್ 42 ಡಿಗ್ರಿ ಕೆಳಗೆ; ಬರೀ ಬ್ಯೂಟೇನ್ ಇರುವ ಡಬ್ಬಿ ಹೆಪ್ಪುಗಟ್ಟುವ ಚಳಿಯಲ್ಲಿ ಉರಿಯದೆ ಕೂರುತ್ತದೆ. ಪೆಟ್ರೋಲಿನಲ್ಲಿ ಉರಿಯುವ ಬಹು ಇಂಧನದ ಒಲೆಗೆ ಬೈಕಿನ ಟ್ಯಾಂಕೇ ಮೂಲವಾಗುವ ಅನುಕೂಲವಿದೆ, ಆದರೆ ಇಂಧನದ ಬಾಟಲಿಯನ್ನು ಅದರ ಗುರುತಿನ ಗೆರೆಯವರೆಗೆ ಮಾತ್ರ ತುಂಬಿ, ಬಿಸಿಗೆ ಹಿಗ್ಗಲು ಎಡೆ ಬಿಟ್ಟು, ಆಹಾರದಿಂದ ದೂರ, ನೆಟ್ಟಗೆ, ಸಾಧ್ಯವಾದರೆ ಚೀಲದ ಹೊರಗಿನ ಜೇಬಿನಲ್ಲಿ ಇಡಬೇಕು.

ಬೈಕಿನ ಕಂಪನ ಸಾಮಾನಿಗೆ ಏನು ಮಾಡುತ್ತದೆ ಎಂಬುದನ್ನು ಬೇರೆ ವಾಹನಗಳ ಅಭ್ಯಾಸವಿರುವವರು ಊಹಿಸುವುದು ಕಷ್ಟ. ತಿರುಪಿನ ಮುಚ್ಚಳಗಳು ತಾವಾಗಿ ಸಡಿಲವಾಗುತ್ತವೆ. ಅಲ್ಯೂಮಿನಿಯಂ ಪೆಟ್ಟಿಗೆಯ ಒಳಮೈಗೆ ಏನಾದರೂ ಉಜ್ಜುತ್ತಿದ್ದರೆ ಬೂದುಬಣ್ಣದ ಸಣ್ಣ ಪುಡಿ ಉದುರಿ ಬಟ್ಟೆಗೂ ಕೈಗೂ ಹತ್ತುತ್ತದೆ. ಒಂದಕ್ಕೊಂದು ತಾಗಿಕೊಂಡ ಎರಡು ಪಾತ್ರೆಗಳು ದಿನವಿಡೀ ಸದ್ದು ಮಾಡುವುದಷ್ಟೇ ಅಲ್ಲ, ಒಂದರ ಅಂಚು ಇನ್ನೊಂದರ ಲೇಪನವನ್ನು ತಿಂದುಹಾಕುತ್ತದೆ. ಆದ್ದರಿಂದ ಲೋಹಕ್ಕೂ ಲೋಹಕ್ಕೂ ನಡುವೆ ಬಟ್ಟೆ ಇರಲಿ. ಪಾತ್ರೆಯ ಒಳಗಿನ ಖಾಲಿ ಜಾಗಕ್ಕೆ ಕಾಲುಚೀಲ, ಟವೆಲ್ಲು ತುಂಬಿ. ಎಣ್ಣೆಯಂಥ ದ್ರವವಿರುವ ಶೀಶೆಗಳ ಮುಚ್ಚಳದ ಸುತ್ತ ಟೇಪು ಸುತ್ತಿ, ಆಮೇಲೆ ಅವನ್ನು ಬೇರೆಯೊಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ.

ಕಟ್ಟುವ ಕೆಲಸ

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಈ ಹಂತ. ಕೊಕ್ಕೆಯಿರುವ ರಬ್ಬರು ಹಗ್ಗಗಳು ಸುಲಭವಾಗಿ ಸಿಗುತ್ತವೆ, ಬೇಗ ಹಾಕಬಹುದು, ಎಲ್ಲರ ಬಳಿಯೂ ಇರುತ್ತವೆ. ಆದರೆ ಭಾರದ ಚೀಲವನ್ನು ಅವುಗಳ ಮೇಲೆಯೇ ಬಿಡುವುದು ತರವಲ್ಲ. ಗುಂಡಿ ಬಂದಾಗ ಅವು ಹಿಗ್ಗುತ್ತವೆ, ಹಿಗ್ಗಿದ ಕ್ಷಣದಲ್ಲಿ ಚೀಲ ಎದ್ದು ಪಕ್ಕಕ್ಕೆ ಜಾರುತ್ತದೆ, ಮತ್ತು ಬಿಗಿಯಾಗಿ ಎಳೆದ ಕೊಕ್ಕೆ ಕೈತಪ್ಪಿದರೆ ನೇರವಾಗಿ ಮುಖಕ್ಕೇ ಬರುತ್ತದೆ. ಹಿಗ್ಗದ ನೇಯ್ದ ಪಟ್ಟಿ, ಅದಕ್ಕೆ ಹಲ್ಲಿನಿಂದ ಕಚ್ಚಿ ಹಿಡಿಯುವ ಕ್ಯಾಮ್ ಬಕಲ್ ಇರುವುದೇ ಉತ್ತಮ. ನೈಲಾನ್ ಪಟ್ಟಿ ಮಳೆಯಲ್ಲಿ ನೆನೆದರೆ ಸ್ವಲ್ಪ ಉದ್ದವಾಗಿ ಸಡಿಲಗೊಳ್ಳುತ್ತದೆ. ಪಾಲಿಯೆಸ್ಟರ್ ಪಟ್ಟಿ ಅಷ್ಟಾಗಿ ಬದಲಾಗದು. ಲಾರಿಗಳಲ್ಲಿ ಬಳಸುವಂಥ, ಹಿಡಿ ಆಡಿಸಿ ಬಿಗಿಯುವ ರ್‍ಯಾಚೆಟ್ ಪಟ್ಟಿ ಬೈಕಿಗೆ ಅತಿಯಾಯಿತು, ಅದರ ಬಲಕ್ಕೆ ಚೀಲದೊಳಗಿನ ಟೆಂಟಿನ ಕಂಬವೇ ಬಾಗಬಹುದು.

ಪಟ್ಟಿಯನ್ನು ಎಲ್ಲಿಗೆ ಸಿಕ್ಕಿಸಬೇಕು ಎಂಬುದನ್ನು ಖಾಲಿ ಬೈಕಿನ ಸುತ್ತ ಕುಳಿತು ಮೊದಲೇ ಗುರುತಿಸಿ. ಸಬ್‌ಫ್ರೇಮಿನ ಕೊಳವೆ, ಹಿಂಬದಿ ಸವಾರನ ಹಿಡಿಕೆ, ಫುಟ್‌ರೆಸ್ಟಿನ ಬ್ರಾಕೆಟ್, ಕ್ಯಾರಿಯರಿನ ಕಂಬಿ ಇವು ನಂಬಬಹುದಾದ ಜಾಗಗಳು. ಇಂಡಿಕೇಟರಿನ ಕಾಂಡ, ನಂಬರ್ ಪ್ಲೇಟಿನ ಹಿಡಿ, ಪ್ಲಾಸ್ಟಿಕ್ ಪ್ಯಾನೆಲು ಇವು ಎಷ್ಟೇ ಅನುಕೂಲವಾಗಿ ಕಂಡರೂ ಅಲ್ಲಿ ಕಟ್ಟಬೇಡಿ. ದೊಡ್ಡ ಚೀಲಕ್ಕೆ ನಾಲ್ಕು ಮೂಲೆಗಳಲ್ಲಿ ಹಿಡಿತ ಬೇಕು. ಚೀಲದ ಮೇಲಿಂದ ಎಡದಿಂದ ಬಲಕ್ಕೆ ಹಾಯಿಸಿದ ಎರಡು ಪಟ್ಟಿಗಳು ಅದನ್ನು ಕೆಳಕ್ಕೆ ಒತ್ತುತ್ತವೆಯೇ ಹೊರತು ಮುಂದೆ ಹಿಂದೆ ಜಾರುವುದನ್ನು ತಡೆಯುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಚೀಲ ಸವಾರನ ಬೆನ್ನಿಗೆ ಬರುತ್ತದೆ, ಏರುದಾರಿಯಲ್ಲಿ ಹಿಂದಕ್ಕೆ ಸರಿಯುತ್ತದೆ. ಒಂದು ಪಟ್ಟಿಯನ್ನು ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ, ಇನ್ನೊಂದನ್ನು ಅದಕ್ಕೆ ಅಡ್ಡವಾಗಿ ಎಳೆದರೆ ನಾಲ್ಕೂ ದಿಕ್ಕಿನ ಎಳೆತಕ್ಕೆ ತಡೆ ಸಿಗುತ್ತದೆ. ಚೀಲಕ್ಕೆ ಹೊಲಿದ ಕುಣಿಕೆಗಳಿದ್ದರೆ ಪಟ್ಟಿಯನ್ನು ಅವುಗಳೊಳಗಿಂದ ಹಾಯಿಸಿ. ಸೀಟಿಗೂ ಚೀಲಕ್ಕೂ ನಡುವೆ, ಕಪಾಟಿನ ಅರೆಗಳಿಗೆ ಹಾಸುವಂಥ ಜಾರದ ರಬ್ಬರು ಹಾಳೆಯ ತುಂಡೊಂದನ್ನು ಹಾಕಿದರೆ ಜಾರುವಿಕೆ ಗಣನೀಯವಾಗಿ ಕಡಿಮೆಯಾಗುತ್ತದೆ, ಸೀಟಿನ ಹೊದಿಕೆ ಸವೆಯುವುದೂ ನಿಲ್ಲುತ್ತದೆ.

ಪಟ್ಟಿಯನ್ನು ಬಿಗಿಯುವಾಗ ಒಂದು ಕೈಯಿಂದ ಚೀಲವನ್ನು ಕೆಳಕ್ಕೆ ಒತ್ತಿ, ಇನ್ನೊಂದು ಕೈಯಿಂದ ಎಳೆಯಿರಿ. ಎಡದ್ದನ್ನು ಒಂದಿಷ್ಟು, ಬಲದ್ದನ್ನು ಒಂದಿಷ್ಟು ಎಂದು ಸರದಿಯಲ್ಲಿ ಬಿಗಿದರೆ ಚೀಲ ನಡುವಿನಲ್ಲೇ ಉಳಿಯುತ್ತದೆ. ಚೀಲದ ಮೇಲೆ ಹಾಯುವ ಭಾಗದಲ್ಲಿ ಪಟ್ಟಿಗೆ ಅರ್ಧ ತಿರುಚು ಕೊಟ್ಟರೆ ಗಾಳಿಗೆ ಅದು ಪಟಪಟನೆ ಬಡಿದುಕೊಳ್ಳುವುದಿಲ್ಲ. ಕೊನೆಗೆ ಉಳಿದ ಬಾಲ. ಕಟ್ಟಿ ಮುಗಿದ ಸಂತೋಷದಲ್ಲಿ ಮರೆತುಹೋಗುವುದು ಇದೇ, ಅತಿ ದೊಡ್ಡ ಅಪಾಯವೂ ಇದೇ. ನೇತಾಡುವ ಒಂದು ಅಡಿ ಪಟ್ಟಿ ಚೈನಿಗೋ ಹಿಂದಿನ ಚಕ್ರಕ್ಕೋ ಸಿಕ್ಕರೆ ಚಕ್ರ ಕ್ಷಣಾರ್ಧದಲ್ಲಿ ಲಾಕ್ ಆಗಬಹುದು. ಪ್ರತಿ ಬಾಲವನ್ನೂ ಸುರುಳಿ ಸುತ್ತಿ ವೆಲ್‌ಕ್ರೋದಿಂದ ಬಿಗಿಯಿರಿ, ಅಥವಾ ಬಿಗಿಯಾದ ಪಟ್ಟಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿ.

ಆಮೇಲೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಚೀಲದ ಜೊತೆ ಇಡೀ ಬೈಕು ಅಲ್ಲಾಡಿದರೆ ಕಟ್ಟು ಸರಿಯಾಗಿದೆ. ಚೀಲವೊಂದೇ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಿ. ಸಾಮಾನು ಹಿಂದಿನ ದೀಪ, ಇಂಡಿಕೇಟರು, ನಂಬರ್ ಪ್ಲೇಟುಗಳನ್ನು ಮರೆಮಾಡಿಲ್ಲವೆಂದು ಹಿಂದೆ ನಿಂತು ನೋಡಿ. ಮೆದು ಚೀಲಕ್ಕೂ ಸೈಲೆನ್ಸರಿಗೂ ನಡುವೆ ಈಗ ನಾಲ್ಕು ಬೆರಳಷ್ಟು ಅಂತರ ಕಂಡರೂ, ಕುಳಿತು ಗಾಡಿಯನ್ನು ಅದುಮಿದಾಗ ಮತ್ತು ಚೀಲ ಜೋತುಬಿದ್ದಾಗ ಅದು ಉಳಿಯುತ್ತದೆಯೇ ಎಂದು ಪರೀಕ್ಷಿಸಿ. ಅನುಮಾನವಿದ್ದರೆ ಲೋಹದ ಶಾಖತಡೆ ಹಾಕಿಸಿ.

ಸಾಮಾನು ಏರಿಸುವ ಕ್ರಮದಲ್ಲೂ ಒಂದು ಸೂಕ್ಷ್ಮವಿದೆ. ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಬೈಕಿಗೆ ಮೊದಲು ಸ್ಟ್ಯಾಂಡ್ ಇರುವ ಬದಿಯ ಚೀಲವನ್ನು ಹಾಕಿ, ಇಳಿಸುವಾಗ ಅದನ್ನು ಕೊನೆಗೆ ತೆಗೆಯಿರಿ. ತಿರುಗುಮುರುಗಾದರೆ ಗಾಡಿ ಆಚೆ ಬದಿಗೆ ಉರುಳಬಹುದು. ಹೊರೆಗೆ ಹಿಂಭಾಗ ತಗ್ಗಿದಾಗ ಸ್ಟ್ಯಾಂಡು ಇದ್ದದ್ದಕ್ಕಿಂತ ಉದ್ದವಾದಂತಾಗಿ ಬೈಕು ಹೆಚ್ಚು ನೆಟ್ಟಗೆ ನಿಲ್ಲುವುದರಿಂದ ಈ ಅಪಾಯ ಇನ್ನಷ್ಟು ಹೆಚ್ಚು. ಮೆತ್ತಗಿನ ನೆಲದಲ್ಲಿ ಸ್ಟ್ಯಾಂಡಿನಡಿ ಚಪ್ಪಟೆ ಕಲ್ಲೋ ಹಲಗೆಯ ತುಂಡೋ ಇಡಿ.

ಹೊರೆಗೆ ತಕ್ಕಂತೆ ಬೈಕನ್ನು ಹೊಂದಿಸುವುದು

ಕೈಪಿಡಿಯಲ್ಲಿ ಟಯರಿನ ಗಾಳಿಯ ಒತ್ತಡಕ್ಕೆ ಒಬ್ಬರೇ ಸವಾರಿ ಮಾಡುವಾಗ ಮತ್ತು ಇಬ್ಬರಿದ್ದಾಗ ಎಂದು ಎರಡು ಅಂಕಿಗಳಿದ್ದರೆ, ಪೂರ್ತಿ ಹೊರೆ ಹೊತ್ತಾಗ ಎರಡನೆಯದನ್ನು ಅನುಸರಿಸಿ. ಟಯರು ತಣ್ಣಗಿರುವಾಗಲೇ, ಅಂದರೆ ಬೆಳಗ್ಗೆ ಹೊರಡುವ ಮುನ್ನ, ಒತ್ತಡವನ್ನು ಅಳೆಯಬೇಕು. ಹಿಂಬದಿ ಶಾಕ್ ಅಬ್ಸಾರ್ಬರಿನ ಪ್ರೀಲೋಡನ್ನು, ಅಂದರೆ ಅದರ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಹೊಂದಾಣಿಕೆಯನ್ನು, ಹೆಚ್ಚಿಸಿ. ಪ್ರೀಲೋಡು ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಹೊರೆಗೆ ತಗ್ಗಿದ ಹಿಂಭಾಗವನ್ನು ಮತ್ತೆ ಮೇಲಕ್ಕೆ ತರುತ್ತದೆ ಅಷ್ಟೆ. ಸಾಮಾನಿನೊಂದಿಗೆ ನೀವು ಕುಳಿತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಮೂರನೇ ಒಂದು ಭಾಗದಷ್ಟು ತಗ್ಗಿದರೆ ಅದು ಸರಿಯಾದ ಹದ. ಹಿಂಭಾಗ ತಗ್ಗಿಯೇ ಉಳಿದರೆ ಹೆಡ್‌ಲೈಟು ರಸ್ತೆಯ ಬದಲು ಎದುರು ಬರುವವರ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅದರ ಕೋನವನ್ನೂ ಗೋಡೆಯ ಮೇಲೆ ಬೆಳಕು ಬಿಟ್ಟು ಸರಿಪಡಿಸಿಕೊಳ್ಳಿ. ಹೊರೆಗೆ, ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮ್ ಚಲಿಸಿದಾಗ ಚೈನಿನ ಸಡಿಲವೂ ಬದಲಾಗುತ್ತದೆ. ಖಾಲಿ ಗಾಡಿಯಲ್ಲಿ ಬಿಗಿಯಾಗಿಯೇ ಇರುವ ಚೈನು ಹೊರೆ ಬಿದ್ದಾಗ ಅತಿ ಬಿಗಿಯಾಗಿ ಸ್ಪ್ರಾಕೆಟನ್ನೂ ಬೇರಿಂಗನ್ನೂ ತಿನ್ನುತ್ತದೆ.

ಪರೀಕ್ಷೆಯ ಓಟ ಮತ್ತು ದಾರಿ

ಹೊರಡುವ ಹಿಂದಿನ ದಿನ ಎಲ್ಲ ಕಟ್ಟಿ, ಗೊತ್ತಿರುವ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿ. ಚೀಲ ಎತ್ತರವಾಗಿದ್ದರೆ ಕಾಲು ಎತ್ತಿ ಹತ್ತುವುದೇ ಬದಲಾಗಿರುತ್ತದೆ, ಅದನ್ನು ಮನೆಯ ಮುಂದೆಯೇ ಅಭ್ಯಾಸ ಮಾಡುವುದು ಒಳ್ಳೆಯದು. ನಿಧಾನದ ಯು-ತಿರುವು, ಜೋರಾದ ಬ್ರೇಕು, ಹೆದ್ದಾರಿಯ ವೇಗ, ಈ ಮೂರರಲ್ಲೂ ಗಾಡಿ ಹೇಗೆ ನಡೆಯುತ್ತದೆ ಎಂದು ಗಮನಿಸಿ. ನಿಲ್ಲುವ ದೂರ ಹೆಚ್ಚಾಗಿರುತ್ತದೆ. ಹಿಂದಿನ ಚಕ್ರದ ಮೇಲೆ ಭಾರ ಬಿದ್ದಿರುವುದರಿಂದ ಹಿಂದಿನ ಬ್ರೇಕು ಖಾಲಿ ಗಾಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ವೇಗದಲ್ಲಿ ಓಲಾಟ ಶುರುವಾದರೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಎದುರಿಸಬೇಡಿ, ಥಟ್ಟನೆ ಬ್ರೇಕನ್ನೂ ಒತ್ತಬೇಡಿ. ಕೈ ಸಡಿಲಿಸಿ, ಮೈಯನ್ನು ಟ್ಯಾಂಕಿನತ್ತ ಬಾಗಿಸಿ, ಆಕ್ಸಿಲರೇಟರನ್ನು ನಿಧಾನವಾಗಿ ಇಳಿಸಿ. ಆಮೇಲೆ ನಿಲ್ಲಿಸಿ ಹಿಂದಿನ ಭಾರವನ್ನು ಮುಂದಕ್ಕೆ ತನ್ನಿ.

ಪ್ರವಾಸದ ದಿನ ಮೊದಲ 20-30 ಕಿಲೋಮೀಟರ್ ಆದ ಮೇಲೆ ಕಡ್ಡಾಯವಾಗಿ ನಿಲ್ಲಿ. ಚೀಲದೊಳಗಿನ ಮೆದು ಸಾಮಾನು ಅಷ್ಟರಲ್ಲಿ ಕುಗ್ಗಿರುತ್ತದೆ, ಪಟ್ಟಿಗಳು ಖಂಡಿತ ಒಂದಷ್ಟು ಸಡಿಲವಾಗಿರುತ್ತವೆ. ಆಮೇಲೆ ಪೆಟ್ರೋಲು ಹಾಕಿಸುವಾಗಲೆಲ್ಲ ಒಂದು ಸುತ್ತು ಕೈಯಾಡಿಸಿ ನೋಡಿದರೆ ಸಾಕು. ಕೆಟ್ಟ ರಸ್ತೆಯ ದಿನ ಮುಗಿದ ಮೇಲೆ ಕ್ಯಾರಿಯರು ಮತ್ತು ಚೌಕಟ್ಟಿನ ಬೋಲ್ಟುಗಳಿಗೆ ಸ್ಪ್ಯಾನರು ಇಟ್ಟು ಪರೀಕ್ಷಿಸಿ, ಬ್ರೇಕಿನ ಕೊಳವೆಗೆ ಅಥವಾ ಎಬಿಎಸ್ ತಂತಿಗೆ ಚೀಲ ಉಜ್ಜುತ್ತಿಲ್ಲ ಎಂದು ಬಗ್ಗಿ ನೋಡಿ.

ಕ್ಯಾಂಪಿನಿಂದ ಹೊರಡುವ ಬೆಳಗ್ಗೆ ಟೆಂಟಿನ ಹೊರಹೊದಿಕೆ ಇಬ್ಬನಿಗೋ ಮಳೆಗೋ ಒದ್ದೆಯಾಗಿರುವುದು ಮಾಮೂಲಿ. ಅದನ್ನು ಒಳಭಾಗದ ಜೊತೆ ಮಡಚದೆ, ಕೊಡವಿ, ಬೇರೆ ಚೀಲದಲ್ಲಿ ಹಾಕಿ ಹೊರಗೇ ಕಟ್ಟಿ. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಬೈಕಿನ ಮೇಲೆ ಹರಡಿದರೆ ಬೇಗ ಒಣಗುತ್ತದೆ, ಆದರೆ ಸೈಲೆನ್ಸರ್ ಆರಿದ ಮೇಲೆಯೇ ಹರಡಬೇಕು. ಒದ್ದೆ ಬಟ್ಟೆ ಒಣಗಿದ್ದಕ್ಕಿಂತ ಭಾರವಾದ್ದರಿಂದ ಅದನ್ನು ಕ್ಯಾರಿಯರಿನ ತುದಿಯಲ್ಲಿಡದೆ ಸೀಟಿನ ಕಡೆಗೆ ತನ್ನಿ. ಮನೆಗೆ ಮರಳಿದ ದಿನವೇ ಟೆಂಟನ್ನು ಪೂರ್ತಿ ಬಿಚ್ಚಿ ಒಣಗಿಸಿ, ಸ್ಲೀಪಿಂಗ್ ಬ್ಯಾಗನ್ನು ಅದುಮಿದ ಚೀಲದಿಂದ ತೆಗೆದು ದೊಡ್ಡ ಬಟ್ಟೆಯ ಚೀಲದಲ್ಲಿ ಸಡಿಲವಾಗಿಡಿ. ಪ್ರೀಲೋಡು, ಟಯರಿನ ಗಾಳಿ, ಹೆಡ್‌ಲೈಟಿನ ಕೋನ ಇವನ್ನು ಖಾಲಿ ಗಾಡಿಯ ಅಳತೆಗೆ ಮರಳಿಸಿ, ಒಮ್ಮೆಯೂ ಚೀಲದಿಂದ ಹೊರಗೆ ಬಾರದ ವಸ್ತುಗಳನ್ನು ಮುಂದಿನ ಸಲ ಬಿಟ್ಟುಹೋಗಲೆಂದು ಒಂದು ಹಾಳೆಯಲ್ಲಿ ಬರೆದು ಅದನ್ನು ಟೆಂಟಿನ ಚೀಲದಲ್ಲೇ ಇಟ್ಟುಬಿಡಿ. ಔಷಧ, ಪಂಕ್ಚರ್ ಕಿಟ್ ಮತ್ತು ಮಳೆಯುಡುಪನ್ನು ಆ ಪಟ್ಟಿಗೆ ಸೇರಿಸಬೇಡಿ.